ಸೋಮ್ಲಿಬಾಯಿಯ ಹೆಸರು

ನಾನು ಒಂದು ಹೆಗಲಚೀಲ. ಹುಟ್ಟಿದ್ದು ಸಂಡೂರಿನ ಕಡೆಯ ಒಂದು ತಾಂಡಾದಲ್ಲಿ, ಸೋಮ್ಲಿಬಾಯಿ ಎಂಬ ಲಂಬಾಣಿ ಹೆಂಗಸಿನ ಮಡಿಲಲ್ಲಿ. ಅವಳ ಹಳೆಯ ಲಂಗದ ಕೆಂಪು ಬಟ್ಟೆಯೇ ನನ್ನ ಮೈ. ಅದರ ಮೇಲೆ ಹಳದಿ, ಬಿಳಿ ದಾರದ ಕಸೂತಿ, ನಡುನಡುವೆ ಕನ್ನಡಿ ಬಿಲ್ಲೆ, ಅಂಚಿಗೆ ಕವಡೆ. ಎಳವೆಯಲ್ಲಿ ಒರಳಿಗೆ ಸಿಕ್ಕು ಸೋಮ್ಲಿಬಾಯಿಯ ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಹಾಗಾಗಿ ಪ್ರತಿ ಸಾಲಿನ ಕೊನೆಯ ಹೊಲಿಗೆ ಒಂದಿಷ್ಟು ವಾರೆಯಾಗಿಯೇ ಬೀಳುತ್ತಿತ್ತು. ಅವಳಿಗೆ ಅದೊಂದು ನಾಚಿಕೆ. ನಾನೋ, ಲೋಕದ ಚೀಲಗಳೆಲ್ಲ ಹೀಗೇ ಇರುತ್ತವೆ ಎಂದುಕೊಂಡಿದ್ದೆ.

ನನ್ನನ್ನು ಕೊಂಡವಳು ವಾರಿಜಾ, ಹುಬ್ಬಳ್ಳಿಯ ರೈಲ್ವೆ ಗಾರ್ಡ್ ಒಬ್ಬರ ಮಗಳು. ಅಪ್ಪನ ಪಾಸಿನ ದೆಸೆಯಿಂದ ಊರೂರು ಸುತ್ತಿ ಬೆಳೆದವಳು. ಹೋದಲ್ಲೆಲ್ಲ ದರ್ಜಿ ಅಂಗಡಿಯ ಮುಂದೆ ನಿಂತು ಚಿಂದಿ ಬೇಡುವ ಹುಚ್ಚು ಅವಳಿಗೆ. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ಕೆಳಗೆ ಊರಿನ ಹೆಸರು, ನೇಯ್ದವರ ಹೆಸರು ಬರೆಯಬೇಕು. ನೇಯ್ದವರ ಹೆಸರು ಯಾವ ದರ್ಜಿಗೂ ಗೊತ್ತಿರುತ್ತಿರಲಿಲ್ಲ. ಖಾಲಿ ಉಳಿದ ಆ ಗೆರೆಗಳು ಹುಡುಗಿಯನ್ನು ಕೊರೆಯುತ್ತಿದ್ದವು. ಕಾಲೇಜಿನ ಪ್ರವಾಸದಲ್ಲಿ ತಾಂಡಾಕ್ಕೆ ಬಂದಾಗ ಮೊದಲ ಸಲ ಮಾಡಿದವಳೇ ಎದುರಿಗೆ ಸಿಕ್ಕಳು. ವಾರಿಜಾ ಹೆಸರು ಕೇಳಿದಳು. ಇಷ್ಟು ವರ್ಷದಲ್ಲಿ ಹೆಸರು ಕೇಳಿದ ಗಿರಾಕಿ ನೀನೇ ಮೊದಲು ಎಂದು ಸೋಮ್ಲಿಬಾಯಿ ನಕ್ಕುಬಿಟ್ಟಳು. ಅಂದಿನಿಂದ ವಾರಿಜಾ ಅವಳನ್ನು ಯಾಡಿ ಎಂದೇ ಕರೆದಳು. ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ.

ಆಮೇಲಿನ ವರ್ಷಗಳಲ್ಲಿ ನಾನು ಅವಳ ಹೆಗಲು ಬಿಟ್ಟು ಇಳಿದದ್ದೇ ಕಡಿಮೆ. ಕಚ್ಛಿನಲ್ಲಿ ನನ್ನ ಪಟ್ಟಿ ಹರಿಯಿತು, ಅಲ್ಲಿಯ ಮೋಚಿ ತೊಗಲಿನದು ಹಾಕಿಕೊಟ್ಟ. ಬನಾರಸಿನಲ್ಲಿ ಹೊಸ ಅಸ್ತರು ಬಂತು. ಕನ್ನಡಿಗಳು ಒಂದೊಂದಾಗಿ ಉದುರಿದವು, ಕಸೂತಿ ಸವೆದು ನುಣ್ಣಗಾಯಿತು. ಬೇಸರವೇನೂ ಆಗಲಿಲ್ಲ. ಹೋದಲ್ಲೆಲ್ಲ ಅಂಗಡಿಯವರ ಹೆಸರು ದೊಡ್ಡದಾಗಿತ್ತು, ಮಾಡಿದವರ ಹೆಸರು ಎಲ್ಲಿಯೂ ಇರಲಿಲ್ಲ. ಮಾರುವುದಾದರೆ ಆ ಹೆಸರನ್ನೇ ಮುಂದಿಟ್ಟು, ಸುಳ್ಳು ಹೇಳದೆ ಮಾರುತ್ತೇನೆ ಎಂದು ಹಟ ತೊಟ್ಟು ಅವಳು ಮಾರ್ಕೆಟಿಂಗ್ ಓದಿದಳು. ಮುಂಬೈಯ ಒಂದು ಕಸೂತಿ ಕಂಪನಿ ಕೆಲಸ ಕೊಟ್ಟಿತು. ಪ್ರತಿ ಚೀಲಕ್ಕೂ ಮಾಡಿದವಳ ಹೆಸರಿನ ಚೀಟಿ ಕಟ್ಟುವುದು ಅವಳದೇ ಯೋಚನೆ.

ಒಪ್ಪಿಗೆ ಕೇಳಲು ತಾಂಡಾಕ್ಕೆ ಹೋದೆವು. ಸೋಮ್ಲಿಬಾಯಿ ಹೇಳಿದಳು:

"ನನ್ನ ಹೆಸರು ಬರೀತೀನಂದ್ರ ಬರಿ, ತಂಗಿ. ನಾ ಮಾಡಲಾರದ್ದಕ್ಕ ಮಾತ್ರ ಬರೀಬ್ಯಾಡ. ನನ್ನ ಹತ್ರ ಇರೋದು ಅದೊಂದ."

ವಾರಿಜಾ ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಸೊಟ್ಟ ಹೆಬ್ಬೆರಳಿನ ಕಥೆಯನ್ನು ವಾರಿಜಾ ಬರೆದದ್ದೇ ತಡ, ಜನ ಮುಗಿಬಿದ್ದರು. ಅಂಗಡಿಯಲ್ಲಿ ಚೀಲವನ್ನು ಕಣ್ಣಿನ ಹತ್ತಿರ ಹಿಡಿದು ವಾರೆ ಹೊಲಿಗೆ ಹುಡುಕುವವರೇ ಎಲ್ಲ. ತಾಂಡಾದ ಹೆಂಗಸರು ಎಷ್ಟು ದುಡಿದರೂ ಸಾಲದಾಯಿತು. ಅಷ್ಟರಲ್ಲಿ ಸೋಮ್ಲಿಬಾಯಿಯ ಕಣ್ಣು ಮಂಜಾಗುತ್ತ ಬಂತು. ಕಂಪನಿ ಯಂತ್ರ ತಂದು ಕೂರಿಸಿತು. ಹೆಬ್ಬೆರಳೇ ಇಲ್ಲದ ಯಂತ್ರಕ್ಕೆ ಪ್ರತಿ ಸಾಲಿನ ಕೊನೆಗೆ ವಾರೆಯಾಗಿ ಹೊಲಿಯುವುದನ್ನು ಕಲಿಸಿದರು. ಚೀಟಿಯ ಮೇಲೆ ಮಾತ್ರ ಸೋಮ್ಲಿಬಾಯಿಯದೇ ಹೆಸರು.

ವಾರಿಜಾ ಜಗಳವಾಡಿದಳು, ರಾಜೀನಾಮೆ ಬರೆದಳು. ಆ ಕಾಗದ ಒಂದು ವಾರ ನನ್ನ ಹೊಟ್ಟೆಯಲ್ಲೇ ಇತ್ತು. ಹೆಸರು ತೆಗೆದರೆ ಮಾರಾಟ ನಿಲ್ಲುತ್ತದೆ, ತಾಂಡಾದ ಉಳಿದ ಹೆಂಗಸರ ಕೆಲಸವೂ ಹೋಗುತ್ತದೆ ಎಂದು ಮೇಲಿನವರು ಮೆತ್ತಗೆ ಹೇಳಿದರು. ಅವಳು ಕಾಗದ ಹರಿದಳು. ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಎರಡು ವರ್ಷದೊಳಗೆ ಆ ಹೆಂಗಸರ ಕೆಲಸವೂ ನಿಂತುಹೋಯಿತು.

ಕೊನೆಗೊಮ್ಮೆ ನಿಜ ಹೇಳಿ ಕ್ಷಮೆ ಕೇಳಲೆಂದು ವಾರಿಜಾ ಹೊರಟಳು. ಯಂತ್ರದ ಚೀಲವೊಂದನ್ನು ನನ್ನೊಳಗೆ ಮಡಚಿಟ್ಟುಕೊಂಡಿದ್ದಳು. ರೈಲಿನುದ್ದಕ್ಕೂ ಅವಳ ತುಟಿ ಅಲುಗುತ್ತಿತ್ತು, ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಸೋಮ್ಲಿಬಾಯಿಗೆ ಅಷ್ಟರಲ್ಲಿ ಪೂರ್ತಿ ಕುರುಡು. ವಾರಿಜಾ ನಮ್ಮಿಬ್ಬರನ್ನೂ ಅವಳ ಮಡಿಲಿಗೆ ಹಾಕಿದಳು.

ಮುದುಕಿ ಮೊದಲು ನನ್ನನ್ನು ಮುಟ್ಟಿದಳು. ತೊಗಲಿನ ಪಟ್ಟಿ, ತೇಪೆ, ನುಣ್ಣಗಾದ ಮೈ, ಎಲ್ಲವನ್ನೂ ತಡವಿ ಪಕ್ಕಕ್ಕಿಟ್ಟಳು.

"ಇದು ನಂದಲ್ಲ, ತಂಗಿ."

ಆಮೇಲೆ ಇನ್ನೊಂದನ್ನು ಎತ್ತಿಕೊಂಡಳು. ಸೊಟ್ಟ ಹೆಬ್ಬೆರಳು ಸಾಲಿನ ತುದಿಯವರೆಗೆ ಹೋಗಿ ನಿಂತಿತು. ಅವಳ ಮುಖ ಅರಳಿತು.

"ಇದು ನಂದು. ಯಾವಾಗ ಹಾಕಿದ್ನೋ ನೆನಪಿಗೆ ಬರವಲ್ದು. ನಾನ ಹಾಕಿದ್ದು, ಹೌದಲ್ಲ?"



"ಹೌದು, ಯಾಡಿ," ಎಂದಳು ವಾರಿಜಾ. "ನಿಂದ."

ಆ ಚೀಲವನ್ನು ಮುದುಕಿ ತಾನೇ ಇಟ್ಟುಕೊಂಡಳು. ಮರುವರ್ಷ ತೀರಿಕೊಂಡಳು.

ಈಗ ನಾನು ಮುಂಬೈಯ ಕಚೇರಿಯಲ್ಲಿ, ಕಬ್ಬಿಣದ ಕಪಾಟಿನ ತಳದಲ್ಲಿದ್ದೇನೆ. ವಾರಿಜಾ ಪ್ರವಾಸ ಬಿಟ್ಟಿದ್ದಾಳೆ. ಕಪಾಟು ತೆರೆದರೂ ನನ್ನ ಕಡೆ ನೋಡುವುದಿಲ್ಲ. ಸೋಮ್ಲಿಬಾಯಿಯ ಹೆಸರಿನ ಚೀಟಿಗಳನ್ನು ಯಾರೋ ಕಟ್ಟು ಕಟ್ಟಾಗಿ ನನ್ನೊಳಗೆ ತುಂಬಿಟ್ಟಿದ್ದಾರೆ. ವಾರಕ್ಕೊಂದು ಕಟ್ಟು ಹೊರಗೆ ಹೋಗುತ್ತದೆ. ನಾನು ಚೀಟಿಯ ಕಾಲಕ್ಕಿಂತ ಮೊದಲು ಹುಟ್ಟಿದವನು, ನನಗೆ ಯಾರೂ ಕಟ್ಟಲಿಲ್ಲ. ಹೆತ್ತವಳೇ ನಂದಲ್ಲ ಅಂದಮೇಲೆ, ಇನ್ನು ಕಟ್ಟಿದರೂ ನಂಬುವವರು ಯಾರು?