ನೆಟ್ ಹೋದ ಹೊತ್ತು

ಆಸ್ಪತ್ರೆಯ ನರ್ಸ್ ಒಂದೇ ವಾರದಲ್ಲಿ ಮೂರನೆಯ ಸಲ ಫೋನ್ ಮಾಡಿ, "ನಿಮ್ಮತ್ತೆ ಪೆಟ್ಟಿಗೆಯಿಂದ ಮತ್ತೆ ಏನೂ ಬರ್ತಿಲ್ಲ, ಮೊದಲು ಇಂಟರ್ನೆಟ್ ಸರಿ ಮಾಡಿಸಿ" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಎದೆಗೆ ಅಂಟಿಸಿದ ಒಂದು ಪಟ್ಟಿ, ಮಂಚದ ಪಕ್ಕ ಅಂಗೈಯಗಲದ ಒಂದು ಪೆಟ್ಟಿಗೆ. ಅವರ ಎದೆಬಡಿತ ಅದರಿಂದ ವೈಫೈ ಹಿಡಿದು ಆಸ್ಪತ್ರೆಗೆ ಹೋಗುತ್ತದೆ, ಏರುಪೇರಾದರೆ ಅಲ್ಲಿಂದ ತಕ್ಷಣ ಫೋನ್ ಬರುತ್ತದೆ. ನೆಟ್ ಇಲ್ಲದ ಹೊತ್ತಿನಲ್ಲಿ ಏನಾದರೂ ಆದರೆ ದೇವರೇ ಗತಿ.

ಮೊದಲು ನೆಟ್ ಬರೀ ನಿಧಾನವಿತ್ತು. ಲೈನಿನವನು ಬಂದು ರೂಟರನ್ನು ಹಜಾರದಿಂದ ಅತ್ತೆಯ ಕೋಣೆಗೆ ತಂದು, ತಲೆದಿಂಬಿನ ಮೇಲ್ಗಡೆಯ ಹಲಗೆಯಲ್ಲಿ ಕೂರಿಸಿದ. "ಪೆಟ್ಟಿಗೆಗೆ ಹತ್ತಿರ ಇರಲಿ ಅಕ್ಕ" ಎಂದ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಪೂರ್ತಿ ಹೋಗತೊಡಗಿತು. ವಾರಕ್ಕೊಮ್ಮೆ ಹೋಗುತ್ತಿದ್ದದ್ದು ದಿನಕ್ಕೊಮ್ಮೆ ಆಯಿತು. ಅವನು ವೈರ್ ಬದಲಿಸಿದ, ರೂಟರ್ ಬದಲಿಸಿದ, ಕಂಬ ಹತ್ತಿ ಇಳಿದ. ಏನೂ ಪ್ರಯೋಜನವಾಗಲಿಲ್ಲ.

ನಾನು ಮಹಡಿಯ ಕೋಣೆಯಲ್ಲಿ ಕೂತು, ವಕೀಲರು ಮಾತಾಡಿ ಕಳಿಸಿದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವವಳು. ನೆಟ್ ಹೋದರೆ ನನ್ನ ಕೆಲಸವೂ ನಿಲ್ಲುತ್ತಿತ್ತು. ಆಗ ನಾನು ಮಾಡುತ್ತಿದ್ದದ್ದು ಕೆಳಗಿಳಿದು ನೋಡುವುದಲ್ಲ, ನೆಟ್ ಆಫೀಸಿಗೆ ಫೋನ್ ಹಚ್ಚಿ ಜಗಳ ತೆಗೆಯುವುದು. ಒಂದು ಒತ್ತಿ, ಎರಡು ಒತ್ತಿ, ಅವರ ಹಾಳು ಹಾಡು ಕೇಳಿ, ಕೊನೆಗೆ ಸಿಕ್ಕಿದವರ ಜನ್ಮ ಜಾಲಾಡಿ ಕೆಳಗೆ ಬರುವಷ್ಟರಲ್ಲಿ ರೂಟರಿನ ದೀಪ ಮಿಣುಕುತ್ತಿರುತ್ತಿತ್ತು.

"ಬಂತು ನೋಡು," ಎನ್ನುತ್ತಿದ್ದರು ಅತ್ತೆ, ಹಣೆಯ ಬೆವರು ಒರೆಸಿಕೊಳ್ಳುತ್ತ. "ನಿನ್ನ ಬಾಯಿಗೆ ಹೆದರಿಯೇ ಬಂದಿರಬೇಕು."

"ಬೆವರ್ತಿದೀರಲ್ಲ?"

"ಸೆಕೆ ಕಣೇ. ದರಿದ್ರ ನೆಟ್ಟು, ಇನ್ನೂ ನಾಲ್ಕು ಬೈಯಿ ಅವರಿಗೆ."

ನಾನು ಬೈದೆ. ನಾಲ್ಕಲ್ಲ, ನಲವತ್ತು.

ನರ್ಸಿನ ಫೋನಿನ ಮರುದಿನ ಲೈನಿನವನು ಲ್ಯಾಪ್‌ಟಾಪ್ ತಂದು ಹಜಾರದಲ್ಲಿ ಕೂತ. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅಕ್ಕ, ಬೈಬೇಡಿ, ಪೂರ್ತಿ ಕೇಳಿ. ಲೈನಲ್ಲಿ ಏನೂ ತೊಂದರೆ ಇಲ್ಲ. ನೆಟ್ ಹೋದಾಗೆಲ್ಲ ರೂಟರಿಗೆ ಕರೆಂಟೇ ಹೋಗ್ತಿಲ್ಲ. ಗೋಡೆ ಸ್ವಿಚ್ ಯಾರೋ ಆಫ್ ಮಾಡ್ತಿದ್ದಾರೆ."

"ಮನೇಲಿ ಹಗಲೆಲ್ಲ ಇರೋದು ನಾನು, ಅತ್ತೆ, ಇಬ್ಬರೇ."

ಅವನು ಪರದೆ ನನ್ನ ಕಡೆ ತಿರುಗಿಸಿದ. ರೂಟರ್ ಆರಿದ ದಿನ, ಗಂಟೆ, ನಿಮಿಷ ಎಲ್ಲ ಇತ್ತು. ಮೊನ್ನೆ ಮೂರು ಸಲ. ನಿನ್ನೆ ಆರು ಸಲ. ಮೊದಮೊದಲು ಐದೈದು ನಿಮಿಷ ಇದ್ದದ್ದು ಬರಬರುತ್ತ ಬೆಳೆದಿತ್ತು. ಕೊನೆಯದು ಇವತ್ತು ಬೆಳಗಿನ ಜಾವದ್ದು, ನಲವತ್ತು ನಿಮಿಷ.

ದಡದಡ ಕೋಣೆಗೆ ಹೋದೆ. ಅತ್ತೆ ಗೋಡೆಗೊರಗಿ ಕೂತಿದ್ದರು.

"ಸ್ವಿಚ್ ನೀವು ಆರಿಸ್ತಿದೀರಾ?"

ಅವರು ಸುಳ್ಳು ಹೇಳಲಿಲ್ಲ. "ನೋವು ಬಂದಾಗ ಆರಿಸ್ತೀನಿ. ಹೋದ ಮೇಲೆ ಹಾಕ್ತೀನಿ."

"ಎದೆ ನೋವಾ?"

"ಇನ್ನೊಂದು ಸಲ ಕಾಣಿಸಿದ್ರೆ ಕೊಯ್ಯಲೇಬೇಕು ಅಂದಿದ್ರಲ್ಲ ಡಾಕ್ಟರು. ನಂಗೆ ಭಯ ಕಣೇ. ಅವರಿಗೆ ಗೊತ್ತಾಗದಿದ್ರೆ ಆಯ್ತು ಅಂದ್ಕೊಂಡೆ."

ಇವರು ಕೆಳಗೆ ಒಬ್ಬರೇ ಒದ್ದಾಡಿದ ಅಷ್ಟೂ ಸಲ ನಾನು ಮೇಲೆ ಕೂತು ಯಾರದೋ ಮೇಲೆ ಕಿರುಚಾಡುತ್ತಿದ್ದೆ. ನನ್ನ ಬಾಯಿಗೆ ಬೆಂಕಿ ಬೀಳಲಿ. ಹಲಗೆಯ ಕಡೆ ನೋಡಿದೆ. ರೂಟರಿನ ಹಸಿರು ದೀಪ ಉರಿಯುತ್ತಿತ್ತು, ಸ್ವಲ್ಪ ಧೈರ್ಯ ಬಂತು.

"ಈಗ ನೆಟ್ ಇದೆಯಲ್ಲ. ಅಂದ್ರೆ ಈಗ ನೋವಿಲ್ಲ ತಾನೇ?"

ಅತ್ತೆ ತುಟಿ ನೆಕ್ಕಿಕೊಂಡರು. ಎಡಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

"ಇದೆ," ಎಂದರು. "ಆಗಿನಿಂದ ಸ್ವಿಚ್ ಮುಟ್ಟಕ್ಕೆ ನೋಡ್ತಿದೀನಿ. ಏಳಕ್ಕೇ ಆಗ್ತಿಲ್ಲ."

ನನ್ನ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಆಸ್ಪತ್ರೆ.

"ತೆಗೀಬೇಡ," ಎಂದು ಅತ್ತೆ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಿಸಿಕೊಳ್ಳಬೇಕಾದಷ್ಟು ಬಲವೂ ಆ ಹಿಡಿತದಲ್ಲಿರಲಿಲ್ಲ. ಫೋನನ್ನು ಕಿವಿಗಿಟ್ಟೆ.