ಉಪ್ಪಿಲ್ಲದ ಸಾರು

ಪ್ರಭುಸ್ವಾಮಿ ಮೇಷ್ಟ್ರ ಕೈಗೆ ಮೈಕು ಕೊಟ್ಟರೆ ಮೊದಲ ಮಾತಿಗೇ ಜನ ನಗಬೇಕು. ಯಾವ ಸಭೆಗೆ ಯಾವ ನಗೆ ಎಂದು ಅವರು ಅಳೆದೂ ಸುರಿದೂ ಆರಿಸುತ್ತಿದ್ದರು. ಕೊಳ್ಳೇಗಾಲದ ಮದುವೆಮನೆಯಲ್ಲಿ, ತಾಳಿ ಕಟ್ಟಿದ ದಿನವೇ ಹೆಂಡತಿ ತಮ್ಮ ಬಾಯಿಗೆ ಬೀಗ ಹಾಕಿದ ಕಥೆ. ಕುಂತೂರಿನ ಬೆಳೆಗಾರರ ಸಭೆಯಲ್ಲಿ, ಕಬ್ಬು ಗಾಣಕ್ಕೆ ಸಿಕ್ಕೋದು ಒಂದೇ ಸಲ, ತಾವು ಹೆಂಡತಿ ಕೈಗೆ ದಿನಾ ಎಂಬ ಗೋಳು. ನಿವೃತ್ತರಾದವರಿಗಂತೂ, ನನ್ನ ಹಾಗೆ ನೀವೂ ಹೆಂಡತಿ ಮಾಡಿದ ಉಪ್ಪಿಲ್ಲದ ಸಾರನ್ನು ಇನ್ನು ಮೂರು ಹೊತ್ತೂ ಉಣ್ಣಬೇಕಲ್ಲಪ್ಪ ಎಂಬ ಕನಿಕರ. ಈ ಸಾರಿನ ಮಾತು ಎಲ್ಲೂ ಸೋತದ್ದಿಲ್ಲ, ಧನಗೆರೆಯ ಒಂದು ತಿಥಿ ಬಿಟ್ಟು. ಅಲ್ಲಿಂದ ಮೇಷ್ಟ್ರು ಉಣ್ಣದೇ ಎದ್ದು ಬಂದಿದ್ದರು.

ಈಗಿನ ಪೀಕಲಾಟ ಬೇರೆ. ಮಾಂಬಳ್ಳಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ದುಡಿದ ಟೀಚರಮ್ಮನಿಗೆ ಇವತ್ತು ಬೀಳ್ಕೊಡುಗೆ. ಆ ಟೀಚರಮ್ಮ ಬೇರೆ ಯಾರೂ ಅಲ್ಲ, ಅವರ ಹೆಂಡತಿ ಶಿವರತ್ನಮ್ಮ.

"ಇವತ್ತೊಂದಿನ ನನ್ನ ನಗೆಪಾಟ್ಲು ಮಾಡ್ಬ್ಯಾಡಿ ಕಣ್ರಿ," ಎಂದಿದ್ದಳು ಬೆಳಿಗ್ಗೆ, ಸೀರೆಯ ನೆರಿಗೆ ಹಿಡಿಯುತ್ತ. "ನಾ ಆಡ್ಸಿದ್ ಮಕ್ಳೆಲ್ಲ ಮುಂದ್ಗಡೆ ಕುಂತಿರ್ತವೆ."

"ಆಯ್ತು ಬುಡು, ಬ್ಯಾರೆ ಏನಾರ ಯೋಳ್ತೀನಿ," ಎಂದಿದ್ದರು ಮೇಷ್ಟ್ರು. ಆಮೇಲೆ ತಡಕಾಡಿದರೆ ಬೇರೆ ಒಂದೂ ಇರಲಿಲ್ಲ. ಇಷ್ಟು ವರ್ಷ ಊರೂರು ನಗಿಸಿದ್ದೆಲ್ಲ ಇವಳೊಬ್ಬಳನ್ನೇ ಬಂಡವಾಳ ಮಾಡಿಕೊಂಡು ಎಂದು ಹೊಳೆದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಸಭೆಯಲ್ಲಿ ಅವರ ಹೆಸರು ಕೂಗಿದ್ದೇ ತಡ, ಜನ ನಗಲು ತಯಾರಾಗಿ ಸರಿದು ಕುಳಿತರು. "ಸಾ, ಸಾರಿಂದು ಯೋಳಿ ಸಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕುಳಿತಿದ್ದ ಶಿವರತ್ನಮ್ಮ ತಲೆ ತಗ್ಗಿಸಿದಳು.

ಮೇಷ್ಟ್ರು ಮೈಕು ಹಿಡಿದರು.

"ಸಾರಿನ್ ವಿಚಾರ್ದಲ್ಲಿ ಒಂದ್ ನಿಜ ಯೋಳ್ಬುಡ್ತೀನಿ. ಇವ್ಳು ಒತ್ತಾರೇನೇ ನಿಮ್ ಮಕ್ಳ ಮೂಗು ಒರ್ಸಾಕೆ ಓಗ್ಬುಡೋಳು. ಮೂವತ್ ವರ್ಸದಿಂದ ಆ ಉಪ್ಪಿಲ್ದಿರೋ ಸಾರು ಮಾಡ್ತಿರೋನು ನಾನೇ ಕಣ್ರಪ್ಪ."

ಜನ ಶಾಮಿಯಾನವೇ ಹಾರಿಹೋಗುವಂತೆ ನಕ್ಕರು. ಶಿವರತ್ನಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಗಂಡನ ಭಾಷಣಕ್ಕೆ ಅವಳು ನಕ್ಕದ್ದು ಅದೇ ಮೊದಲು.

ಮೇಷ್ಟ್ರು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಾಗ ಅವಳು ಮೆಲ್ಲಗೆ ಅಂದಳು:

"ಬ್ಯಾಳೇನೂ ಬೆಂದಿರ್ತಿರ್ನಿಲ್ಲ. ದಿನಾ ಉಂಡಿವ್ನಿ. ಯಾರ್ಗಾರ ಯೋಳಿದ್ನಾ?"