ತುಮಿರಾಳ ಒರಳು

“ಇದೊಂದು ಬಂಡೆ ಬಿಟ್ಬಿಡವ್ವ, ಮಿಕ್ಕಿದ್ದಕ್ಕೆಲ್ಲ ಮಣ್ಣು ಹಾಕು,” ಎಂದ ವಕಿಜೊ, ಮುಂದಿದ್ದ ಹುಡುಗಿಗೆ. ಮಣ್ಣಿನ ಬುಟ್ಟಿ ಹೊತ್ತು ಸಾಲಾಗಿ ಹತ್ತಿ ಬರುತ್ತಿದ್ದ ಊರಿನವರು ಅವನೆದುರು ನಿಂತುಬಿಟ್ಟರು.

ಗುನುಂಗ್ ಕಿದುಲ್ ಸೀಮೆಯ ಈ ಸುಣ್ಣಕಲ್ಲಿನ ಗುಡ್ಡವನ್ನು ಒಡೆಯುತ್ತಲೇ ಅವನ ಪ್ರಾಯವೆಲ್ಲ ಸವೆದಿತ್ತು. ಕ್ವಾರಿ ಮುಚ್ಚಿದ ಮೇಲೆ ಊರಿನವರೇ ಸೇರಿ, ಬೋಳು ಬಂಡೆಗಳ ಮೇಲೆ ಮಣ್ಣು ಹರಡಿ ಸಸಿ ನೆಡುತ್ತಿದ್ದರು. ಅದಕ್ಕೆ ಅವನೂ ಹೆಗಲು ಕೊಟ್ಟವನೇ. ಆದರೆ ಈ ಮೇಲಿನ ಬಂಡೆಯ ನಡುವೆ ಬೋಗುಣಿಯಷ್ಟು ಅಗಲದ ಒಂದು ಕುಳಿ ಇತ್ತು. ಅದರ ಕಥೆಯೇ ಬೇರೆ.

ಕ್ವಾರಿ ನಡೆಯುತ್ತಿದ್ದಾಗ ತುಮಿರಾ ಕೆಲಸದವರಿಗೆ ಮರಗೆಣಸಿನ ಹಿಟ್ಟಿನ ಕಡುಬು, ಬೇಯಿಸಿದ ಸೊಪ್ಪು, ಕಡಲೆಕಾಯಿ ಚಟ್ನಿ ಮಾರಲು ಬರುತ್ತಿದ್ದಳು. ಅವಳು ಒರಳು ಹೊತ್ತು ಗುಡ್ಡ ಹತ್ತಿ ಏದುಸಿರು ಬಿಡುವುದನ್ನು ನೋಡಲಾರದೆ, ವಕಿಜೊ ಊಟದ ಬಿಡುವಿನಲ್ಲೆಲ್ಲ ಕೂತು ಬಂಡೆಯಲ್ಲೇ ಒಂದು ಒರಳು ಕೆತ್ತಿಕೊಟ್ಟ. ಸುಣ್ಣಕಲ್ಲೆಂದರೆ ಮೆತ್ತನೆ, ಚಟ್ನಿಯ ಜೊತೆ ಕಲ್ಲೂ ಅರೆದುಹೋಗುತ್ತಿತ್ತು.

“ಏನಮ್ಮ, ಇವತ್ತು ಗುಡ್ಡಕ್ಕೆ ಕಡಲೆಕಾಯಿ ಎಷ್ಟು ಬೆರ್ಸಿದೀಯ?” ಎಂದು ಜೊತೆಗಾರ ಸರ್ಜು ರೇಗಿಸುತ್ತಿದ್ದ.

“ಕೆತ್ತಿದೋರನ್ನ ಕೇಳು,” ಎನ್ನುತ್ತಿದ್ದಳು ತುಮಿರಾ, ತಲೆ ಎತ್ತದೆ. ಆ ಮಾತಿಗೇ ವಕಿಜೊ ಕರಗಿ ನೀರಾಗಿದ್ದ. ಮದುವೆಯಾಯಿತು, ಮಕ್ಕಳಾದರು, ಅವಳು ಅರೆದಂತೆಲ್ಲ ಒರಳಿನ ಕುಳಿ ಆಳವಾಗುತ್ತ ಹೋಯಿತು. ಹೋದ ವರ್ಷ ಅವಳು ತೀರಿಕೊಂಡಳು.

ಸಸಿಗಳ ಉಸ್ತುವಾರಿ ನೋಡುತ್ತಿದ್ದ ಪಕ್ಕದ ಮನೆಯ ಹುಡುಗಿ ವೆನಿಂಗ್ ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

“ನೀವು ಬಿಡು ಅಂದ್ರೆ ಬಿಡ್ತೀವಿ ಅಜ್ಜ. ಆದ್ರೆ ಹೋದ್ಸಲದ ಮಳೇಲಿ ಇದರ ಮೇಲಿಂದ ಜಾರಿದ ನೀರೇ ಕೆಳಗಿನ ಮಣ್ಣೆಲ್ಲ ಕೊಚ್ಕೊಂಡು ಹೋಗಿದ್ದು. ಸಸಿ ಒಂದೂ ಉಳೀಲಿಲ್ಲ, ನೀವೇ ನೋಡಿದ್ರಲ್ಲ.”

“ಒಂದು ಬಂಡೆ ಕಣವ್ವ.”

“ನೀರಿಗೆ ಅಷ್ಟು ಸಾಕಲ್ಲ, ಅಜ್ಜ.”

ಸರ್ಜು ತನ್ನ ಬುಟ್ಟಿ ಇಳಿಸಿದ. “ಲೋ, ಅವಳಿದ್ದಿದ್ರೆ ಗುಂಡ್ಕಲ್ಲು ತಗೊಂಡು ನಿನ್ನ ತಲೆ ಮೇಲೇ ಕುಟ್ಟಿರೋಳು. ಊರಿಗೆಲ್ಲ ಅನ್ನ ಇಕ್ಕಿದೋಳು ಕಣೋ ಅವಳು. ಅವಳ ಹೆಸರಲ್ಲಿ ಸಸಿ ಸಾಯಿಸ್ತೀಯೇನೋ?”

ವಕಿಜೊ ನಗಲು ಹೋದ, ಆಗಲಿಲ್ಲ. ಕುಳಿಯೊಳಗೆ ಅಂಗೈ ಇಟ್ಟ. ಒಳಮೈ ನುಣ್ಣಗಿತ್ತು, ಬಿಸಿಲಿಗೆ ಬೆಚ್ಚಗಾಗಿತ್ತು. ಅವಳನ್ನು ಮಣ್ಣು ಮಾಡಿದ ದಿನವೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಸರ್ಜುವಿನ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು, ಬೇರೆಯವರಿಗೆ ಕೈ ಹಾಕಗೊಡದೆ, ತಾನೇ ಹಿಡಿ ಹಿಡಿ ಮಣ್ಣು ಹಾಕಿ ಕುಳಿ ತುಂಬಿದ. ಮಿಕ್ಕ ಬಂಡೆಯನ್ನು ಸಂಜೆಯೊಳಗೆ ಊರಿನವರು ಮುಚ್ಚಿದರು.

ಮೊದಲ ದೊಡ್ಡ ಮಳೆ ಸುರಿದ ಮಾರನೆಯ ಬೆಳಿಗ್ಗೆ ಅವನು ಒಬ್ಬನೇ ಗುಡ್ಡ ಹತ್ತಿದ. ಕೆಳಗಿನ ಸಸಿಗಳು ಇದ್ದಲ್ಲೇ ಇದ್ದವು. ಮೇಲೆ ಬಂದು ಒರಳಿನ ಜಾಗ ಹುಡುಕಿದ. ಇಲ್ಲೇ ಅನ್ನಿಸಿತು, ಇಲ್ಲ, ಇನ್ನೂ ಆಚೆ ಅನ್ನಿಸಿತು. ಎಲ್ಲೆಲ್ಲೂ ಒಂದೇ ಕೆಮ್ಮಣ್ಣು, ಒದ್ದೆಯಾಗಿ ಉಬ್ಬಿಕೊಂಡಿತ್ತು. ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಚಪ್ಪಲಿಯಲ್ಲಿ ತುಳಿದರೆ ಮಣ್ಣು ಗಟ್ಟಿಯಾಗಿ ಸಸಿ ಬೇರಿಳಿಯದೇನೋ ಎಂದು ಅದನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡ. ಹೊಸ ಮಣ್ಣಿನ ಅಂಚಿನುದ್ದಕ್ಕೂ ಮೆಲ್ಲಗೆ ಹೆಜ್ಜೆಯಿಡುತ್ತ ಕೆಳಗಿಳಿದ.